ಸೋಮವಾರ ಬರಬೇಕಿತ್ತು ನೀ

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ಹುಬ್ಬಳ್ಳಿಯ ನಮ್ಮ ಸಣ್ಣ ತಂಡಕ್ಕೆ ಬಂದಿತ್ತು. ನಾನು ಹೋದದ್ದು ಒಂದು ಬುಧವಾರ. ಸಾವಕಾರರು ಚಹಾ ತರಿಸಿ, ಪುರುಸೊತ್ತಾಗಿ ಕೂತು ಬೇಕಾದ್ದನ್ನೆಲ್ಲ ಬರೆಸಿದರು: ತಕ್‌ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ) ಪ್ರಿಂಟ್ ಆಗಬೇಕು, ಹಮಾಲಿ ಲೆಕ್ಕ ಬೇಕು, ರೈತರ ಮೊಬೈಲಿಗೆ ಮೆಸೇಜ್ ಹೋಗಬೇಕು. ಮೂರು ಪುಟ ತುಂಬಿತು. ಎದ್ದು ಹೊರಟಾಗ ಮೂಲೆಯಲ್ಲಿದ್ದ ಹಿರಿಯ ಗುಮಾಸ್ತರು, "ತಮ್ಮಾ, ಸೋಮವಾರ ಇಲ್ಲಾ ಗುರುವಾರ ಬರಬೇಕಿತ್ತು ನೀ" ಅಂದರು. ನಕ್ಕು ಬಂದುಬಿಟ್ಟೆ.

ಬ್ಯಾಡಗಿಯಲ್ಲಿ ಆ ಎರಡು ದಿನವೇ ಮಾರುಕಟ್ಟೆ. ಫೆಬ್ರವರಿ, ಮಾರ್ಚಿನ ಭರಾಟೆಯಲ್ಲಿ ಒಂದೇ ದಿನಕ್ಕೆ ಲಕ್ಷ ಚೀಲ ದಾಟುವುದುಂಟು. ವರ್ತಕರು ಹಾಕಿದ ಟೆಂಡರ್ ದರ ಗೊತ್ತಾಗುವವರೆಗೆ ಅಂಗಡಿ ತಣ್ಣಗೆ. ಆಮೇಲೆ ತೂಕ, ಪಟ್ಟಿ, ರೊಕ್ಕ ಎಲ್ಲ ಮೈಮೇಲೆ. ನಾವು ಎಲ್ಲ ಡೇಟಾ ಕ್ಲೌಡಿನಲ್ಲಿಟ್ಟಿದ್ದೆವು. ಪಟ್ಟಿಯ ನಂಬರು ಕೂಡ ಅಲ್ಲಿಂದಲೇ ಬರಬೇಕು. ಮೊದಲ ಸೋಮವಾರವೇ ನೆಟ್ ಹೋಯಿತು. ಮೂರೂ ಟೇಬಲ್ಲಿನ ಸ್ಕ್ರೀನಿನಲ್ಲಿ ಚಕ್ರ ತಿರುಗುತ್ತಿದೆ, ಎದುರಿಗೆ ರೈತರು ನಿಂತಿದ್ದಾರೆ, ಹೊರಗೆ ಕರ್ನೂಲ್ ಕಡೆಯ ಲಾರಿ ಹಾರ್ನ್ ಹೊಡೆಯುತ್ತಿದೆ. ಗುಮಾಸ್ತರು ತುಟಿ ಪಿಟ್ಟೆನ್ನದೆ ಡ್ರಾದಿಂದ ಹಳೆಯ ಪುಸ್ತಕ ತೆಗೆದು, ಕಾರ್ಬನ್ ಹಾಳೆ ಇಟ್ಟು ಬರೆಯತೊಡಗಿದರು.

ಆ ಪುಸ್ತಕವನ್ನು ನಾನು ನೋಡಿದ್ದು ಆವತ್ತೇ. ಒಂದೊಂದು ಟೇಬಲ್ಲಿಗೆ ಒಂದೊಂದು ಪುಸ್ತಕ, ನಂಬರಿನ ಮುಂದೆ ಅ, ಬ, ಕ. ಮುಂದಿನ ನಂಬರ್ ಯಾವುದು ಅಂತ ಯಾರೂ ಯಾರನ್ನೂ ಕೇಳಬೇಕಿಲ್ಲ. ತಪ್ಪಿದ ಸಾಲನ್ನು ಅಳಿಸಿಲ್ಲ. ಗೆರೆ ಎಳೆದು, ಸಹಿ ಮಾಡಿ, ಕೆಳಗೆ ಹೊಸದು ಬರೆದಿದ್ದಾರೆ. ನಾವೋ, ಸಾವಕಾರರು ಕೇಳಿದರೆಂದು ಎಡಿಟ್ ಬಟನ್ ಕೊಟ್ಟು ಕೂತಿದ್ದೆವು!

ನನ್ನ ಮೂರು ಪುಟದಲ್ಲಿದ್ದದ್ದು ಬರೀ ಸ್ಕ್ರೀನು. ಸ್ಕ್ರೀನ್ ಬದಲಿಸಲು ಒಂದು ಮಧ್ಯಾಹ್ನ ಸಾಕು. ಡೇಟಾ ಇರುವ ಜಾಗ ಬದಲಿಸಲು ಎರಡು ತಿಂಗಳು ಹಿಡಿಯಿತು. ಸಾಫ್ಟ್‌ವೇರ್ ಗುಣಮಟ್ಟ ಅಳೆಯುವ ಐಎಸ್‌ಒ 25010ರ ಪಟ್ಟಿ ನನಗೆ ಬಾಯಿಪಾಠ, ಅವೈಲೆಬಿಲಿಟಿ (ಬೇಕೆಂದಾಗ ಸಿಸ್ಟಂ ಕೆಲಸಕ್ಕೆ ಸಿಗುವುದು) ಅದರಲ್ಲಿ ರಿಲಯಬಿಲಿಟಿಯ, ಅಂದರೆ ನಂಬಿಕೆಯ, ಕೆಳಗೆ ಬರುತ್ತದೆ. ಆದರೆ "ಅವೈಲೆಬಿಲಿಟಿ ಎಷ್ಟು ಬೇಕ್ರಿ" ಅಂದರೆ ಯಾವ ಸಾವಕಾರರು ಉತ್ತರ ಕೊಟ್ಟಾರು?

ಎರಡನೇ ಸಲ ಹೀಗೆ ಕೇಳಿದೆ: "ಸಾವ್ಕಾರ್ರ, ನೆಟ್ ಹೋದಾಗ ಪಟ್ಟಿ ನಿಂತ್ರ ನಡೀತೈತೋ, ಮೂರೂ ಟೇಬಲ್ಲಿನ ಒಟ್ಟು ಲೆಕ್ಕ ತಡಾ ಆದ್ರ ನಡೀತೈತೋ?"

"ಒಟ್ಟು ಸಂಜೀಕ ಗೊತ್ತಾದ್ರ ಸಾಕ್ರಿ. ರೈತ ನಿಂದರಬಾರದು."

ಅಷ್ಟಕ್ಕೇ ಡಿಸೈನ್ ತೀರ್ಮಾನವಾಯಿತು. ಪ್ರತಿ ಟೇಬಲ್ಲಿನ ಕಂಪ್ಯೂಟರಿಗೆ ತನ್ನದೇ ಡೇಟಾಬೇಸ್, ತನ್ನದೇ ನಂಬರ್ ಸರಣಿ. ನೆಟ್ ಬಂದಾಗ ಸಿಂಕ್, ಮೂರರ ಲೆಕ್ಕವೂ ಒಂದುಗೂಡುತ್ತದೆ. ಎಡಿಟ್ ಬಟನ್ ತೆಗೆದು, ಪುಸ್ತಕದಲ್ಲಿ ಗೆರೆ ಎಳೆದ ಹಾಗೆ, ರದ್ದು ನಮೂದು ಇಟ್ಟೆವು.

ಹುರುಪಿನಲ್ಲಿ ಗುಮಾಸ್ತರಿಗೆ ಕೇಳಿದೆ, "ಕಾಕಾ, ಹಂಗಾರ ರೊಕ್ಕಾನೂ ಮೂರೂ ಟೇಬಲ್ಲಿಂದ ಕೊಡೂ ಹಂಗ ಮಾಡ್ಲೇನ್ರಿ?"

"ಏ ತಮ್ಮಾ, ಗಲ್ಲಾ ಒಂದ. ಒಂದ ಪಟ್ಟಿಗೆ ಎರಡ ಸಲ ರೊಕ್ಕ ಹೋದ್ರ ನೀ ತುಂಬಿ ಕೊಡ್ತಿಯೇನು?"

ರೊಕ್ಕದ ಭಾಗ ಒಂದೇ ಕಂಪ್ಯೂಟರಿನಲ್ಲಿ ಉಳಿಯಿತು, ಅದು ಕೆಟ್ಟರೆ ಬಟವಾಡೆ ನಿಲ್ಲುತ್ತದೆ ಅಂತ ಗೊತ್ತಿದ್ದೂ. ಕಾರ್ಬನ್ ಪುಸ್ತಕ ಇನ್ನೂ ಡ್ರಾದಲ್ಲೇ ಇದೆ. ತೆಗೆದಿಡಿ ಅಂತ ನಾನೂ ಹೇಳಿಲ್ಲ.