ಪಿಡಿಎಫ್ ಫೈರ್‌ಫಾಕ್ಸ್‌ನಲ್ಲಿ ಯಾಕೆ ತೆರೆಯಿತು?

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ನಾವು ಮಾಡುವುದು ಬ್ರಾಕೆಟ್, ಬುಷ್‌ನಂಥ ಸಣ್ಣಪುಟ್ಟ ಭಾಗಗಳು. ಅವು ಕೊನೆಗೆ ಹೋಗಿ ಕೂರುವುದು ಸೇನೆಯ ವಿಮಾನಗಳಲ್ಲಿ. ಹಾಗಾಗಿ ಡ್ರಾಯಿಂಗ್‌ಗಳು ನಮ್ಮ ಸರ್ವರ್‌ನಲ್ಲೂ ಇರುತ್ತವೆ.

ಆಫೀಸನ್ನು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂಗೆ ಬದಲಾಯಿಸಿದವನು ನಾನೇ. "ಇನ್ನು ವೈರಸ್ ಕಾಟ ಇಲ್ಲ" ಅಂತ ಮೀಟಿಂಗ್‌ನಲ್ಲಿ ಜಂಬ ಕೊಚ್ಚಿದ್ದೆ.

ಒಂದು ಮಧ್ಯಾಹ್ನ ಪರ್ಚೇಸ್‌ನ ಸಹೋದ್ಯೋಗಿ ಬಂದರು. "ಸರ್, ಮೀಟಿಂಗ್ ಲೆಟರ್ ಅಂತ ಒಂದು ಜಿಪ್ ಬಂದಿತ್ತು. ಪಿಡಿಎಫ್ ತೆರೀತು. ಆದ್ರೆ ಯಾವಾಗ್ಲೂ ತೆರೆಯೋ ಕಡೆ ಅಲ್ಲ, ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ. ಯಾಕೆ?" ನಾನು ನಕ್ಕೆ. "ಏನೋ ಸೆಟ್ಟಿಂಗ್ ಬದಲಾಗಿರತ್ತೆ ಬಿಡಿ" ಅಂದೆ.

ಮರುದಿನ ಬೆಳಿಗ್ಗೆ ಫೈರ್‌ವಾಲ್ ಲಾಗ್, ಅಂದರೆ ಯಾವ ಕಂಪ್ಯೂಟರ್ ಹೊರಗೆ ಯಾರ ಜೊತೆ ಸಂಪರ್ಕದಲ್ಲಿತ್ತು ಅನ್ನುವ ದಾಖಲೆ, ನೋಡಿದೆ. ಆಕೆ ಮನೆಗೆ ಹೋದ ಮೇಲೂ ಆ ಕಂಪ್ಯೂಟರ್ ಗುರುತಿಲ್ಲದ ಒಂದು ವಿಳಾಸದ ಜೊತೆ ರಾತ್ರಿಯಿಡೀ ಮಾತಾಡುತ್ತಲೇ ಇತ್ತು. ಓಡಿಹೋಗಿ ಕೇಬಲ್ ಕಿತ್ತೆ.

ಆ ಜಿಪ್‌ನಲ್ಲಿ ಪಿಡಿಎಫ್ ಇರಲೇ ಇಲ್ಲ. ಇದ್ದದ್ದು ಡಾಟ್ ಡೆಸ್ಕ್‌ಟಾಪ್ ಫೈಲು, ಅಂದರೆ ಲಿನಕ್ಸ್‌ನ ಶಾರ್ಟ್‌ಕಟ್. ಅದಕ್ಕೆ ಬೇಕಾದ ಹೆಸರು, ಬೇಕಾದ ಚಿತ್ರ ಅಂಟಿಸಬಹುದು. ಇದಕ್ಕೆ ಪಿಡಿಎಫ್ ಚಿತ್ರ ಅಂಟಿಸಿದ್ದರು. ಕ್ಲಿಕ್ ಮಾಡಿದರೆ ಎದುರಿಗೆ ನಿಜವಾದ ಒಂದು ಪತ್ರ ಬ್ರೌಸರ್‌ನಲ್ಲಿ ತೆರೆಯುತ್ತದೆ, ಹಿಂದಿನಿಂದ ಇನ್ನೊಂದು ಪ್ರೋಗ್ರಾಂ ಸದ್ದಿಲ್ಲದೆ ಇಳಿಯುತ್ತದೆ. ಮುಂದಿನ ಸಲ ಲಾಗಿನ್ ಆದಾಗ ತಾನೇ ಶುರುವಾಗುವ ಏರ್ಪಾಡೂ ಇತ್ತು. ಪತ್ರ ಕಂಡಿತಲ್ಲ, ಯಾರು ಅನುಮಾನ ಪಡುತ್ತಾರೆ? ಆಕೆ ಪಟ್ಟರು.

ಕಳಿಸಿದ್ದು ಯಾರು ಅಂತ ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ತಂತ್ರ ಹೊಸದಲ್ಲ. ಟ್ರಾನ್ಸ್‌ಪರೆಂಟ್ ಟ್ರೈಬ್ ಅಥವಾ ಎಪಿಟಿ36 ಅಂತ ಒಂದು ಗುಂಪಿದೆ. ಅದಕ್ಕೆ ಪಾಕಿಸ್ತಾನದ ನಂಟಿದೆ ಅನ್ನುತ್ತಾರೆ ಭದ್ರತಾ ಸಂಶೋಧಕರು. ನಮ್ಮ ಸೇನೆ, ರಾಯಭಾರ ಕಚೇರಿಗಳ ಬೆನ್ನು ಬಿದ್ದು ಹತ್ತು ವರ್ಷದ ಮೇಲಾಯಿತು. ಸರ್ಕಾರಿ ಇಮೇಲ್‌ಗೆ ಲಾಗಿನ್ ಆಗಲು ಬಳಸುತ್ತಿದ್ದ 'ಕವಚ್' ಆ್ಯಪ್ ಗೊತ್ತಲ್ವಾ? 2023ರಲ್ಲಿ ಅದರ ನಕಲಿ ಮಾಡಿ, ಲಿನಕ್ಸ್ ಬಳಸುವವರಿಗೇ ಗಾಳ ಹಾಕಿದ್ದು ಬಯಲಾಯಿತು. 2025ರಲ್ಲಿ ಇದೇ ಡೆಸ್ಕ್‌ಟಾಪ್ ಫೈಲಿನ ಆಟ, ಸರ್ಕಾರಿ ಸಂಸ್ಥೆ ಸಿಡ್ಯಾಕ್ ಮಾಡಿದ ಭಾರತದ್ದೇ ಲಿನಕ್ಸ್ ಆದ 'ಬಾಸ್' ಮೇಲೆ. ನಾವು ಎಲ್ಲಿಗೆ ಹೋಗುತ್ತೇವೋ ಅಲ್ಲಿಗೇ ಬರುತ್ತಾರೆ.

"ಬುಷ್ ಮಾಡೋ ನಮ್ಮ ಹತ್ರ ಏನಿದೆ?" ಅಂದರು ಯಜಮಾನರು. ಅವರಿಗೆ 2011ರ ಕಥೆ ಹೇಳಿದೆ. ಬೇರೆ ಕಂಪನಿಗಳಿಗೆ ಲಾಗಿನ್ ಭದ್ರತೆಯ ಸಾಧನ ಮಾಡಿಕೊಡುವ ಅಮೆರಿಕದ ಆರ್‌ಎಸ್‌ಎ ಕಂಪನಿಯ ನೌಕರರಿಗೆ ನೇಮಕಾತಿ ಯೋಜನೆ ಅಂತ ಒಂದು ಎಕ್ಸೆಲ್ ಹೋಯಿತು. ಜಂಕ್‌ನಲ್ಲಿ ಬಿದ್ದಿದ್ದ ಅದನ್ನು ಒಬ್ಬರು ಹೊರಗೆ ತೆಗೆದು ತೆರೆದರು. ಕಳ್ಳರು ಲಾಗಿನ್ ಟೋಕನ್‌ಗಳ, ಅಂದರೆ ಪಾಸ್‌ವರ್ಡ್ ಜೊತೆ ಹಾಕುವ ಸಂಖ್ಯೆ ತೋರಿಸುವ ಸಾಧನಗಳ, ಗುಟ್ಟು ಹೊತ್ತೊಯ್ದರು. ಮೇ ತಿಂಗಳಲ್ಲಿ, ಅದೇ ಟೋಕನ್ ಬಳಸುತ್ತಿದ್ದ, ಯುದ್ಧವಿಮಾನ ಮಾಡುವ ಲಾಕ್‌ಹೀಡ್ ಮಾರ್ಟಿನ್‌ನ ಬಾಗಿಲು ತಟ್ಟಿದರು. ಹೋಗಬೇಕಿದ್ದ ಮನೆ ಒಂದು, ಮೊದಲು ನುಗ್ಗಿದ್ದು ಬೀಗ ಮಾಡುವವನ ಅಂಗಡಿಗೆ. ಲಾಕ್‌ಹೀಡ್ ತಡೆದೆವು ಅಂದಿತು, ಅದು ಬೇರೆ ಮಾತು.

ಸರ್ವರ್‌ಗೆ ಏನೂ ಆಗಿರಲಿಲ್ಲ, ಪುಣ್ಯ. ಡ್ರಾಯಿಂಗ್ ಫೋಲ್ಡರ್‌ಗೆ ಪರ್ಚೇಸ್‌ನವರಿಗೆ ಅನುಮತಿ ಇರಲಿಲ್ಲ. ಅದು ನನ್ನ ಜಾಣತನ ಅಲ್ಲ, ಹಳೆಯ ಮ್ಯಾನೇಜರ್ ಒಬ್ಬರ ಜಿಪುಣತನ.

ಉಳಿದದ್ದು ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ವರದಿ ಕಳಿಸುವುದು. 2022ರ ನಿಯಮದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ಗೊತ್ತಾದ ಸಮಯ ಬರೆಯುವಾಗ ಕೈ ನಿಂತಿತು. ನಾನು ಲಾಗ್ ನೋಡಿದ್ದು ಬೆಳಿಗ್ಗೆ 9ಕ್ಕೆ. ಆಕೆ ಬಂದು ಕೇಳಿದ್ದು ಹಿಂದಿನ ದಿನ ಮಧ್ಯಾಹ್ನ 3ಕ್ಕೆ.

3 ಗಂಟೆ ಅಂತಲೇ ಬರೆದೆ. ಯಜಮಾನರು ಓದಿ, ಏನೂ ಹೇಳದೆ ಸಹಿ ಹಾಕಿದರು.