ಬಿಟ್ಟವರು, ಎತ್ತಿಕೊಂಡವರು

ಜಪಾನಿನ ಚಿತ್ರಕಥೆಗಾರ ಒಸಾಮು ತೆಜುಕಾ ಬರೆದು ಬಿಟ್ಟುಹೋದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಸುಮಾರು 1,50,000 ಪುಟ. ಮೊದಲಿನಿಂದ ವರ್ಷದ ಪ್ರಕಾರ ಓದಲು ಹೊರಟರೆ ದಡ ಸೇರುವುದು ಕಷ್ಟ. ಯಾವುದಾದರೂ ಒಂದು ಎಳೆ ಹಿಡಿದುಕೊಂಡು ಹೋಗಬೇಕು ಅಂತ ನನಗೆ ತುಂಬಾ ದಿನದಿಂದ ಅನಿಸುತ್ತಿತ್ತು.

ಕೆಲಸದ ಮೇಲೆ ಒಸಾಕಾಗೆ ಹೋಗಿದ್ದಾಗ ಒಂದು ಭಾನುವಾರ ಬಿಡುವು ಸಿಕ್ಕಿತು. ರೈಲು ಹತ್ತಿ ತಕರಾಜುಕಾಗೆ ಹೋದೆ. ತೆಜುಕಾ ಬೆಳೆದ ಊರು ಅದು. ಅಲ್ಲಿ 1994ರಲ್ಲಿ ಅವರ ಹೆಸರಿನಲ್ಲಿ ಮ್ಯೂಸಿಯಂ ಶುರುವಾಗಿದೆ. ಪುಸ್ತಕ ತೆಗೆದುಕೊಂಡು ಅಲ್ಲೇ ಕೂತು ಓದಬಹುದು. ನನಗೆ ಜಪಾನಿ ಬರುವುದಿಲ್ಲ. ಆದರೆ ಮುಖ್ಯ ಕಥೆಗಳನ್ನು ಇಂಗ್ಲಿಷಿನಲ್ಲಿ ಮೊದಲೇ ಓದಿದ್ದೆ, ಚಿತ್ರ ನೋಡಿದರೆ ಸಾಕಿತ್ತು.

ತೆಜುಕಾ ಒಸಾಕಾದಲ್ಲಿ ಡಾಕ್ಟರ್ ಓದು ಮುಗಿಸಿದವರು. ಹಾಗಾಗಿ ಮುರಿದ ದೇಹ, ಕೂಡಿಸಿ ಕಟ್ಟಿದ ದೇಹ ಇರುವ ಕಥೆಗಳನ್ನೇ ಆರಿಸಿಕೊಂಡೆ. ಒಂದರ ಪಕ್ಕ ಒಂದು ಇಟ್ಟು ನೋಡುತ್ತಾ ಹೋದಂತೆ ಬೇರೆಯದೇ ಒಂದು ವಿಷಯ ಕಾಣತೊಡಗಿತು. ಈ ದೇಹಗಳೆಲ್ಲ ಸ್ವಂತದವರು ಕೈಬಿಟ್ಟ ಮಕ್ಕಳದು!

1952ರಲ್ಲಿ ಶುರುವಾದ ಆ್ಯಸ್ಟ್ರೋ ಬಾಯ್ ತಗೊಳ್ಳಿ. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಡಾಕ್ಟರ್ ತೆನ್ಮಾ ಅವನದೇ ರೂಪದ ರೋಬೋ ಮಾಡುತ್ತಾನೆ. ರೋಬೋ ಬೆಳೆಯುವುದಿಲ್ಲ ಅಂತ ಗೊತ್ತಾದಾಗ ಸರ್ಕಸ್ಸಿಗೆ ಮಾರಿಬಿಡುತ್ತಾನೆ. 1967ರ ದೊರೊರೊದಲ್ಲಿ ಅಪ್ಪ ಅಧಿಕಾರದ ಆಸೆಗೆ ಮಗನ 48 ಅಂಗಗಳನ್ನು ದೆವ್ವಗಳಿಗೆ ಒಪ್ಪಿಸುತ್ತಾನೆ. ಕೂಸನ್ನು ಹೊಳೆಯಲ್ಲಿ ತೇಲಿಬಿಡುತ್ತಾರೆ. ನಮಗೆ ಕರ್ಣ ನೆನಪಾಗದೆ ಇರುತ್ತಾನಾ? ಬ್ಲ್ಯಾಕ್ ಜ್ಯಾಕ್ ಎಂಬ ಸರ್ಜನ್‌ನ ಕಥೆಯಲ್ಲಿ ಬರುವ ಪಿನೋಕೋ ಅಂತೂ ಅಕ್ಕನ ಮೈಯೊಳಗೆ 18 ವರ್ಷ ಗಡ್ಡೆಯಾಗಿ ಇದ್ದವಳು. ಡಾಕ್ಟರ್ ಆ ಅಂಗಗಳನ್ನು ಹೊರತೆಗೆದು, ಪುಟ್ಟ ಹುಡುಗಿಯ ಮೈ ಕಟ್ಟಿಕೊಡುತ್ತಾನೆ. ಅಕ್ಕನಿಗೆ ಅವಳು ಬೇಡ.

ಒಬ್ಬನಿಗೆ ದುಃಖ, ಇನ್ನೊಬ್ಬನಿಗೆ ಆಸೆ, ಮತ್ತೊಬ್ಬಳಿಗೆ ಮನೆತನದ ಮಾನ. ಈ ಮೂವರಲ್ಲಿ ನನಗೆ ತೆನ್ಮಾನ ಮೇಲೆ ಮಾತ್ರ ಪೂರ್ತಿ ಸಿಟ್ಟು ಬರಲಿಲ್ಲ.

ಬಿಟ್ಟವರ ಎದುರಿಗೆ ತೆಜುಕಾ ಪ್ರತಿ ಸಲವೂ ಎತ್ತಿಕೊಳ್ಳುವ ಒಬ್ಬರನ್ನು ತಂದು ನಿಲ್ಲಿಸುತ್ತಾರೆ. ಆ್ಯಸ್ಟ್ರೋಗೆ ಪ್ರೊಫೆಸರ್ ಒಚಾನೊಮಿಜು. ಹೊಳೆಯ ಕೂಸಿಗೆ ಕೃತಕ ಕೈಕಾಲು ಮಾಡಿಕೊಡುವ ವೈದ್ಯ ಜುಕಾಯ್. ಯಾರಿಗೂ ಸಂಬಂಧವಿಲ್ಲ, ಯಾರೂ ಲಾಭ ನೋಡುವುದಿಲ್ಲ.

ಬ್ಲ್ಯಾಕ್ ಜ್ಯಾಕ್‌ನ ಮುಖದ ಹತ್ತಿರ ನಾನು ಜಾಸ್ತಿ ಹೊತ್ತು ನಿಂತೆ. ಅವನೂ ಅಪ್ಪ ಬಿಟ್ಟುಹೋದ ಮಗನೇ. ಎಲ್ಲೋ ಉಳಿದಿದ್ದ ಬಾಂಬ್ ಸಿಡಿದು ಚಿಕ್ಕಂದಿನಲ್ಲೇ ಛಿದ್ರವಾದವನು. ಡಾಕ್ಟರ್ ಹೊನ್ಮಾ ಅವನನ್ನು ಹೊಲಿದು ಬದುಕಿಸಿದರು. ಮುಖಕ್ಕೆ ಚರ್ಮ ಬೇಕಾದಾಗ ಕೊಟ್ಟವನು ತಕಾಶಿ ಎಂಬ ಗೆಳೆಯ. ಅವನದು ಕಪ್ಪು ಮೈಬಣ್ಣ. ಅದಕ್ಕೇ ಆ ಮುಖದಲ್ಲಿ ಹೊಲಿಗೆಯ ಗೆರೆಯಾಚೆ ಒಂದು ಭಾಗ ಕಪ್ಪಗಿದೆ. ಮುಂದೆ ಎಷ್ಟು ದೊಡ್ಡ ಸರ್ಜನ್ ಆದರೂ ಅವನು ಅದನ್ನು ಸರಿಮಾಡಿಸಿಕೊಳ್ಳಲು ಒಪ್ಪುವುದಿಲ್ಲ. ಗೆಳೆಯ ಕೊಟ್ಟಿದ್ದು ಕಾಣುತ್ತಲೇ ಇರಬೇಕು.

ಬರೀ ಈ ಒಂದು ಪಾತ್ರವನ್ನು ಓದಿದ್ದಾಗ ಅದು ನನಗೆ ಸ್ನೇಹದ ಕಥೆ ಅನಿಸಿತ್ತು, ಅಷ್ಟೇ. ಉಳಿದ ಮಕ್ಕಳ ಪಕ್ಕದಲ್ಲಿಟ್ಟು ನೋಡಿದಾಗ, ಪಿನೋಕೋಳನ್ನು ಅವನು ಯಾಕೆ ಮನೆಗೆ ಕರೆದುಕೊಂಡ ಅನ್ನುವುದೂ ತಿಳಿಯಿತು.