ಡೇಟಾ ಬಂತು, ಹೆಲ್ಪ್ ಫೈಲ್ ಗುಜರಿಗೆ ಹೊರಟಿತ್ತು

ಹಳೇ ಸಾಫ್ಟ್‌ವೇರ್ ಬಿಡುವಾಗ ಎಲ್ಲರೂ ಡೇಟಾ ಕಾಪಿ ಮಾಡಿಕೊಳ್ಳುತ್ತಾರೆ. ಆ ಡೇಟಾ ಓದುವುದು ಹೇಗೆ ಅಂತ ಬರೆದಿಟ್ಟ ಫೈಲುಗಳನ್ನು ಯಾರೂ ಕೇಳುವುದಿಲ್ಲ. ತುಮಕೂರಿನ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ನನಗೆ ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಮ್ಮ ಸಾಲದ ಖಾತೆಗಳು ಹಳೇ ಡಾಸ್ ಮೇಲೆ ಓಡುವ ಫಾಕ್ಸ್‌ಪ್ರೋ 2.6 ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿದ್ದವು. ಹೊಸ ಸಾಫ್ಟ್‌ವೇರ್ ತಂದ ವೆಂಡರ್ ಕಡೆಯವರು ಬರೀ ಡಿಬಿಎಫ್ ಫೈಲುಗಳನ್ನು, ಅಂದರೆ ಡೇಟಾ ಟೇಬಲ್‌ಗಳನ್ನು, ಪೆನ್‌ಡ್ರೈವ್‌ಗೆ ತುಂಬಿಕೊಂಡರು. ಉದ್ದ ಪಠ್ಯ ಇರುವ ಎಫ್‌ಪಿಟಿ, ಪ್ರೋಗ್ರಾಂ ಬರೆದಿರುವ ಪಿಆರ್‌ಜಿ ಎಲ್ಲ ಹಳೇ ಮಷೀನಲ್ಲೇ ಉಳಿದವು. ಹಾಗೆ ಬಿಡುವುದು ಬೇಡ ಅಂದೆ. ಮ್ಯಾನೇಜ್‌ಮೆಂಟ್ ಕೇಳಲಿಲ್ಲ, ಮಷೀನನ್ನು ಗುಜರಿ ಪಟ್ಟಿಗೆ ಸೇರಿಸಿತು.

ಆಡಿಟ್ ದಿನ ಬಾಕಿ ಪಟ್ಟಿ ಲೆಡ್ಜರ್‌ಗೆ ತಾಳೆಯಾಗಲಿಲ್ಲ. ಸಾಲ ತೀರಿಸಿದವರ ಹೆಸರೂ ಬಾಕಿಯಲ್ಲಿತ್ತು. ಅಡಿಕೆ ಮಾರಿ ಸಾಲ ಚುಕ್ತಾ ಮಾಡಿದ್ದ ಹಿರಿಯರೊಬ್ಬರು ರಸೀದಿ ಹಿಡಿದು ಕೌಂಟರ್ ಮುಂದೆ ನಿಂತಿದ್ದರು. ಆಡಿಟರ್ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ವೆಂಡರ್ ಫೋನಲ್ಲಿ ‘ನಿಮ್ಮ ಡೇಟಾನೇ ಸರಿ ಇಲ್ಲ ಸಾರ್’ ಅಂತಿದ್ದ. ಅಷ್ಟರಲ್ಲಿ ಹೊರಗೆ ಗುಜರಿ ಆಟೋ ಸ್ಟಾರ್ಟ್ ಆದ ಸದ್ದು. ಓಡಿಹೋಗಿ ಆ ಸಿಪಿಯು ಇಳಿಸಿಕೊಂಡೆ. ಅದರ ಹಳೇ ಐಡಿಇ ಮಾದರಿಯ ಹಾರ್ಡ್ ಡಿಸ್ಕ್ ಬಿಚ್ಚಿ ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿದೆ. ಡಿಸ್ಕ್ ತಿರುಗುವ ಸದ್ದು ಬಂತು, ಡ್ರೈವ್ ಮಾತ್ರ ಕಾಣಿಸಲಿಲ್ಲ. ಯಾರೂ ಮಾತಾಡಲಿಲ್ಲ. ಕೊನೆಗೂ ಫೋಲ್ಡರ್ ತೆರೆಯಿತು.

64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ. ಅದಕ್ಕೇ ಡಾಸ್ ಅನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ಫಾಕ್ಸ್‌ಪ್ರೋ ಎಬ್ಬಿಸಿ ಹೆಲ್ಪ್‌ನಲ್ಲಿ ‘ಡಿಲೀಟ್’ ಹುಡುಕಿದೆ. ಉತ್ತರ ಅಲ್ಲೇ ಇತ್ತು. ಫಾಕ್ಸ್‌ಪ್ರೋದಲ್ಲಿ ಡಿಲೀಟ್ ಅಂದರೆ ರೆಕಾರ್ಡಿಗೆ ಗುರುತು ಹಾಕುವುದಷ್ಟೇ. ‘ಪ್ಯಾಕ್’ ಅನ್ನುವ ಆದೇಶ ಕೊಡುವವರೆಗೂ ಅದು ಫೈಲಲ್ಲೇ ಇರುತ್ತದೆ. ಹಳೇ ಪಿಆರ್‌ಜಿಯ ತಲೆಯಲ್ಲೇ ಗುರುತು ಹಾಕಿದವನ್ನು ತೋರಿಸಬೇಡ ಅನ್ನುವ ‘ಸೆಟ್ ಡಿಲೀಟೆಡ್ ಆನ್’ ಇತ್ತು, ಅದಕ್ಕೇ ಡಿಲೀಟ್ ಮಾಡಿದ್ದ ತೀರಿದ ಸಾಲಗಳು ಯಾರಿಗೂ ಕಂಡಿರಲಿಲ್ಲ. ಪ್ರತಿ ರೆಕಾರ್ಡಿನ ಮೊದಲ ಬೈಟ್‌ನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಅದು ಡಿಲೀಟ್ ಆಗಿದೆ ಅಂತ. ವೆಂಡರ್ ಸ್ಕ್ರಿಪ್ಟ್ ಆ ಬೈಟನ್ನು ನೋಡಿಯೇ ಇರಲಿಲ್ಲ. ಅವನ್ನು ತೆಗೆದ ಮೇಲೆ ಪಟ್ಟಿ ತಾಳೆಯಾಯಿತು. ಆ ಹಿರಿಯರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಸಂಘದ ಪರವಾಗಿ ಯಾರಾದರೂ ಕೇಳಲೇಬೇಕಿತ್ತು, ಅಲ್ವಾ?

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟವಾಯಿತು. ಡಾಸ್ ಫಾಕ್ಸ್‌ಪ್ರೋದ ಹೆಲ್ಪ್ ಕೂಡ ಒಂದು ಡಿಬಿಎಫ್ ಟೇಬಲ್ಲೇ. ಹೆಸರು ಫಾಕ್ಸ್‌ಹೆಲ್ಪ್. ಒಂದು ಫೀಲ್ಡಲ್ಲಿ ವಿಷಯ, ಉದ್ದ ಪಠ್ಯಕ್ಕಾಗಿ ಇರುವ ಮೆಮೋ ಫೀಲ್ಡಲ್ಲಿ ವಿವರಣೆ. ಮೆಮೋದ ಪಠ್ಯ ಇರುವುದು ಎಫ್‌ಪಿಟಿಯಲ್ಲಿ, ಹಾಗಾಗಿ ಎರಡೂ ಜೊತೆಗೇ ಬೇಕು. ರೆಕಾರ್ಡುಗಳನ್ನು ಒಂದೊಂದಾಗಿ ಓದುವ ಸ್ಕ್ಯಾನ್ ಲೂಪ್ ಹಾಕಿ ‘ಅಡಿಟಿವ್’ ಸೇರಿಸಿ ‘ಕಾಪಿ ಮೆಮೋ’ ಕೊಟ್ಟರೆ ಎಲ್ಲವೂ ಟೆಕ್ಸ್ಟ್ ಫೈಲಿಗೆ ಬರುತ್ತದೆ. ಅದನ್ನು ಡಾಸ್ ಕಾಲದ ಅಕ್ಷರ ಸಂಕೇತವಾದ ಕೋಡ್‌ಪೇಜ್ 437 ಅಂತ ಓದಿ ಈಗಿನ ಯುಟಿಎಫ್-8ಗೆ ಬದಲಿಸಬೇಕು. ಇಲ್ಲದಿದ್ದರೆ ಬಾಕ್ಸ್ ಗೆರೆಗಳೆಲ್ಲ ವಿಚಿತ್ರ ಅಕ್ಷರಗಳಾಗುತ್ತವೆ. ಆಮೇಲೆ ಬಂದ ಎಚ್‌ಎಲ್‌ಪಿ ಅನ್ನುವ ವಿಂಡೋಸ್ ಹೆಲ್ಪ್ ಫೈಲುಗಳ ಕಷ್ಟವೇ ಜಾಸ್ತಿ. ವಿಂಡೋಸ್ 10ರಲ್ಲಿ ಅವನ್ನು ತೆರೆಯುವ ಪ್ರೋಗ್ರಾಮೇ ಇಲ್ಲ.

ಫಾಕ್ಸ್‌ಪ್ರೋದ ಮುಂದುವರಿಕೆಯಾದ ವಿಷುಯಲ್ ಫಾಕ್ಸ್‌ಪ್ರೋ 9ರ ನಂತರ ಹೊಸ ಆವೃತ್ತಿ ಬರಲಿಲ್ಲ. ಮೈಕ್ರೋಸಾಫ್ಟ್ ಬೆಂಬಲ 2015ರ ಜನವರಿಗೆ ಮುಗಿಯಿತು. ಸಹಾಯಕ್ಕೆ ಫೋನ್ ಮಾಡಲು ಯಾರೂ ಇಲ್ಲ. ಈಗ ನಮ್ಮ ಸರ್ವರಿನಲ್ಲಿ ಡೇಟಾ, ಪಿಆರ್‌ಜಿ, ಹೆಲ್ಪಿನ ಟೆಕ್ಸ್ಟ್, ಡಾಸ್‌ಬಾಕ್ಸ್ ಸೆಟಪ್ ಎಲ್ಲ ಒಂದೇ ಫೋಲ್ಡರಿನಲ್ಲಿವೆ. ಬಡ್ಡಿ ಲೆಕ್ಕದ ಪಿಆರ್‌ಜಿಗೆ ಮಾತ್ರ ವಿವರಣೆ ಇಲ್ಲ. ಅದನ್ನು ಬರೆದವರು ನಿವೃತ್ತರಾಗಿ ಇದೇ ಊರಲ್ಲಿದ್ದಾರೆ. ಪ್ರಿಂಟ್‌ಔಟ್ ತೆಗೆದುಕೊಂಡು ಈ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ.